ಹಳದಿ ಮನೆಯ ಸವಾಲು

ಬಟ್ಟೆ ಒಗೆಯುವ ಕೋಣೆಯನ್ನು ಅಡುಗೆಮನೆ ಎಂದು ಕರೆದ ಮಾತ್ರಕ್ಕೆ ಅದು ಅಡುಗೆಮನೆಯಾಗುವುದಿಲ್ಲ ಎಂಬ ಸರಳ ಸತ್ಯವನ್ನು ಸೊಲ್ವಿ ಹತ್ತೊಂಬತ್ತು ವರ್ಷಗಳಿಂದ ತನ್ನ ಗಂಡನಿಗೆ ಬೋಧಿಸುತ್ತ ಬಂದಿದ್ದಳು. ನೆಲದ ನಡುವೆ ಕೊಳೆನೀರು ಹರಿದುಹೋಗುವ ಜಾಲರಿ ಇನ್ನೂ ಹಾಗೆಯೇ ಇತ್ತು. ಮೀನು ಬೇಯಿಸುವಾಗ ಆಕೆಯ ಒಂದು ಕಾಲು ಜಾಲರಿಯ ಆಚೆ, ಇನ್ನೊಂದು ಈಚೆ. ಕಿಟಕಿ ಇರಲಿಲ್ಲವೆಂದಲ್ಲ, ಆದರೆ ಅರ್ಧ ನೆಲದಡಿಗಿದ್ದ ಆ ಅಂತಸ್ತಿನ ಕಿಟಕಿಯಿಂದ ಕಾಣುತ್ತಿದ್ದದ್ದು ದಾರಿಹೋಕರ ಮೊಣಕಾಲಿನ ಕೆಳಗಿನ ಭಾಗ ಮಾತ್ರ. ನಾರ್ವೆಯ ಟ್ರೋನ್‌ಹೈಮ್ ನಗರದ ಆ ಬಡಾವಣೆಯ ಅರ್ಧ ಜನರನ್ನು ಸೊಲ್ವಿ ಮುಖದಿಂದಲ್ಲ, ಬೂಟಿನಿಂದ ಗುರುತಿಸುತ್ತಿದ್ದಳು.

ನಿಜವಾದ ಅಡುಗೆಮನೆ ಮೇಲಿನ ಅಂತಸ್ತಿನಲ್ಲಿತ್ತು. ಅಗಲವಾದ ಕಿಟಕಿ, ಕಿಟಕಿಯಾಚೆ ಸೇಬಿನ ಮರ, ಮರದಾಚೆ ಫ್ಯೋರ್ಡ್ ಎಂಬ ಕಡಲ ಕೊಲ್ಲಿಯ ನೀಲಿ ಗೆರೆ. ಅಲ್ಲಿ ಅತ್ತೆ ಟೋರ್ಡಿಸ್ ಏಕಚಕ್ರಾಧಿಪತ್ಯ ನಡೆಸುತ್ತಿದ್ದಳು. ಸೊಲ್ವಿ ಆಕೆಯನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. (ಹೆಸರು ಹಿಡಿದು ಕರೆದರೆ ಅತ್ತೆ ಗೆಳತಿಯಾಗುತ್ತಾಳೆಂದು ತಿಳಿದವರು ಅತ್ತೆಯ ಕೆಳಗಿನ ಅಂತಸ್ತಿನಲ್ಲಿ ಬಾಳಿದವರಲ್ಲ.) ಕೆಳಗೆ ರೇಡಿಯೊ ತುಸು ಜೋರಾದರೆ ಮೇಲೆ ಹಳೆಯ ಸ್ಕೀ ಕೋಲೊಂದು ಮರದ ನೆಲವನ್ನು ಒಮ್ಮೆ ಕುಟ್ಟುತ್ತಿತ್ತು. ಮೀನಿನ ವಾಸನೆ ಮೇಲೇರಿದರೆ ಎರಡು ಸಲ. ಬಿಡದೆ ಕುಟ್ಟಿದರೆ ಮಗ ಓಡ್ವಾರ್ ಕೂಡಲೇ ಮೇಲೆ ಬರಬೇಕು.

ಓಡ್ವಾರ್ ವೃತ್ತಿಯಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಮನೆಯಲ್ಲಿ ಸ್ವತಃ ಲಿಫ್ಟು. ತಾಯಿಯ ದೂರನ್ನು ಕೆಳಗಿಳಿಸಿ, ಹೆಂಡತಿಯ ಉತ್ತರವನ್ನು ಮೇಲೇರಿಸಿ, ನಡುವೆ ಮೆಟ್ಟಿಲ ಮೇಲೆ ಎರಡರಲ್ಲೂ ಇದ್ದ ಕಾರವನ್ನು ಸೋಸಿ, ಹೀಗೆ ಮನೆಯ ಶಾಂತಿಯನ್ನು ಕಾಪಾಡಿಕೊಂಡು ಬಂದ ಮನುಷ್ಯ. ಇಂಥ ಶಾಂತಿಯಲ್ಲಿ ಯಾರೂ ಯಾರಿಗೂ ಏನನ್ನೂ ನೇರವಾಗಿ ಕೇಳಬೇಕಾಗಿರಲಿಲ್ಲ. ಅದೇ ಅದರ ದೋಷವೆಂದು ಯಾರಿಗೂ ಹೊಳೆದಿರಲಿಲ್ಲ.

ಏಪ್ರಿಲ್ ತಿಂಗಳ ಒಂದು ಮುಂಜಾನೆ ಸೊಲ್ವಿ ಪತ್ರಿಕೆಯನ್ನು ಗಂಡನ ಬ್ರೆಡ್ಡಿನ ಮೇಲೆಯೇ ಹರಡಿದಳು. ನದಿಯಾಚೆಯ ಇಳಿಜಾರಿನಲ್ಲಿ ಒಂದು ಹಳದಿ ಮರದ ಮನೆ ಮಾರಾಟಕ್ಕಿತ್ತು. ಒಂದೇ ಅಂತಸ್ತು. ಅಡುಗೆಮನೆಗೆ ಪೂರ್ವದ ಬೆಳಕು. ಭಾನುವಾರ ಮತ್ತು ಸೋಮವಾರ ಸಾರ್ವಜನಿಕ ದರ್ಶನ. ಮಂಗಳವಾರ ಮಧ್ಯಾಹ್ನ ಸವಾಲು.

“ಅಮ್ಮನಿಗೆ ಏನಂತ ಹೇಳೋದು?” ಎಂದ ಓಡ್ವಾರ್, ಪತ್ರಿಕೆಯ ಕೆಳಗಿನಿಂದ ಬ್ರೆಡ್ಡನ್ನು ಎಳೆದುಕೊಳ್ಳುತ್ತ.

“ಮನೆ ಕೈಗೆ ಬಂದ್ಮೇಲೆ ಹೇಳೋಣ. ನಾವು ಸ್ಪೇನಿಗೆ ರಜಾ ಹೋಗ್ತೀವಿ ಅಂದಾಗ ಏನಾಯ್ತು?”

“ಎದೆನೋವು.”

“ಹಸಿರು ಸೋಫಾ ತಗೋತೀವಿ ಅಂದಾಗ?”

“ಎದೆನೋವು. ಆದ್ರೆ ಅದು ಸಣ್ಣದು.”

“ಮನೆ ಬಿಟ್ಟು ಹೋಗ್ತೀವಿ ಅಂದ್ರೆ ಆಂಬುಲೆನ್ಸೇ ಬರುತ್ತೆ. ಭಾನುವಾರ ಸ್ಕೀ ಆಡೋಕೆ ಕಾಡಿಗೆ ಹೋಗ್ತಿದೀವಿ ಅಂತ ಹೇಳು.”

ಭಾನುವಾರ ಸ್ಕೀ ಆಡಲು ಹೋಗುವವರನ್ನು ಆ ಊರಿನಲ್ಲಿ ಯಾರೂ ಪ್ರಶ್ನಿಸುವುದಿಲ್ಲ, ಹೋಗದವರನ್ನು ಪ್ರಶ್ನಿಸುತ್ತಾರೆ. ಆದ್ದರಿಂದ ದಂಪತಿಗಳು ಕಾರಿನ ಮೇಲೆ ಸ್ಕೀ ಕಟ್ಟಿ, ಚೀಲದಲ್ಲಿ ಕಿತ್ತಳೆಹಣ್ಣು ಮತ್ತು ಚಾಕೊಲೇಟು ತುಂಬಿ, ಉಣ್ಣೆಯ ಟೋಪಿ ಧರಿಸಿ, ಮೇಲಿನ ಕಿಟಕಿಯಲ್ಲಿ ನಿಂತಿದ್ದ ಟೋರ್ಡಿಸ್‌ಗೆ ಕೈಬೀಸಿ, ಸೀದಾ ಹಳದಿ ಮನೆಯ ಬಾಗಿಲಿಗೆ ಹೋದರು.

ಅಲ್ಲಿ ಜನಜಾತ್ರೆಯೇ ನೆರೆದಿತ್ತು. ಹೊಸ್ತಿಲಲ್ಲಿ ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಬೂಟಿಗೆ ತೊಡಿಸಿಕೊಂಡು, ಒಂಟಿಗಾಲಲ್ಲಿ ಓಲಾಡುತ್ತ, ಒಬ್ಬರ ಮುಖ ಇನ್ನೊಬ್ಬರು ನೋಡದಂತೆ ಎಲ್ಲರೂ ಒಳಗೆ ಸರಿಯುತ್ತಿದ್ದರು. ಮನೆಯೊಳಗೆ ಏಲಕ್ಕಿ ಬನ್ನಿನ ಪರಿಮಳ ತೇಲಾಡುತ್ತಿತ್ತು. ಒಲೆ ಮಾತ್ರ ತಣ್ಣಗಿತ್ತು. ಏಜೆಂಟ್ ವೆಬ್ಯೋರ್ನ್ ಎಂಬ ತೆಳ್ಳನೆಯ ತರುಣ, ಮದುವೆ ಮನೆಯ ಬಾಗಿಲಲ್ಲಿ ನಿಂತ ಬೀಗರಂತೆ ಎಲ್ಲರನ್ನೂ ಸಮನಾದ ಪ್ರೀತಿಯಿಂದ ಸ್ವಾಗತಿಸುತ್ತಿದ್ದ.

ಸೊಲ್ವಿ ಅಡುಗೆಮನೆಯ ನಡುವೆ ನಿಂತಳು. ಕೆಳಗೆ ಜಾಲರಿ ಇರಲಿಲ್ಲ. ಕಿಟಕಿಯಲ್ಲಿ ಮನುಷ್ಯರು ಇಡಿಯಾಗಿ, ತಲೆಸಮೇತ ನಡೆದುಹೋಗುತ್ತಿದ್ದರು. ಆಕೆ ಮೆಲ್ಲನೆ ಒಂದು ಡ್ರಾಯರ್ ಎಳೆದಳು. ಅದು ಸದ್ದಿಲ್ಲದೆ ಬಂದಿತು, ಸದ್ದಿಲ್ಲದೆ ಹೋಯಿತು. ಕಣ್ಣಂಚಿನಲ್ಲಿ ನೀರಾಡಿತು. ಒಡನೆಯೇ ಕಣ್ಣೊರೆಸಿಕೊಂಡಳು. ಆಸೆಯನ್ನು ಮುಖದ ಮೇಲೆ ಹಚ್ಚಿಕೊಂಡು ಸಂತೆಗೆ ಹೋಗುವವರು ಬೆಲೆ ಹೆಚ್ಚಿಸಿಕೊಂಡೇ ಬರುತ್ತಾರೆ.

ಆದರೆ ಇಷ್ಟೊಂದು ಜನ! ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟುತ್ತಿದ್ದ ಉದ್ದನೆಯ ಮನುಷ್ಯನೊಬ್ಬ. ತೊಟ್ಟಿಲು ಎಲ್ಲಿಡುವುದೆಂದು ಪಿಸುಗುಟ್ಟುತ್ತಿದ್ದ ತುಂಬು ಬಸುರಿ ಮತ್ತು ಆಕೆಯ ಗಂಡ. ಸೋಫಾದ ಅಳತೆ ತೆಗೆಯುತ್ತಿದ್ದ ಅಕ್ಕತಂಗಿಯರು. ಇವರೆಲ್ಲರೂ ಮಂಗಳವಾರ ಸವಾಲು ಕೂಗಿದರೆ ತನ್ನ ಗತಿಯೇನು? ಸೊಲ್ವಿಗೆ ಆಗ ಒಂದು ದಿವ್ಯವಾದ ಉಪಾಯ ಹೊಳೆಯಿತು. ನೆಲಮಾಳಿಗೆಗೆ ಇಳಿಯುವ ಗುಂಪಿನ ಮಧ್ಯದಲ್ಲಿ ಸೇರಿಕೊಂಡು, ಕೊನೆಯ ಮೆಟ್ಟಿಲಲ್ಲಿ ನಿಂತು, ಬೇಟೆನಾಯಿಯಂತೆ ಮೂಗರಳಿಸಿದಳು.

“ಓಡ್ವಾರ್, ಮುಗ್ಗಲು ವಾಸನೆ ಬರ್ತಿದೆ ಅಲ್ವಾ?”

“ಇಲ್ವಲ್ಲ,” ಎಂದ ಆ ಸತ್ಯಸಂಧ. “ಇಲ್ಲೀವರೆಗೂ ಏಲಕ್ಕಿ ವಾಸನೆನೇ ಬರ್ತಿದೆ.”

ಸೊಲ್ವಿ ಅವನ ಕಾಲನ್ನು ತುಳಿದಳು. ಎರಡು ಪ್ಲಾಸ್ಟಿಕ್ ಚೀಲಗಳು ಉಜ್ಜಿ ಕಿರ್ರೆಂದು ಸದ್ದಾಯಿತು.

“ಹಾಂ... ಸ್ವಲ್ಪ ಬರ್ತಿದೆ,” ಎಂದ ಓಡ್ವಾರ್, ನೆಲ ನೋಡುತ್ತ.

“ನಮ್ಮ ಚಿಕ್ಕಮ್ಮನ ಮನೇಲೂ ಹೀಗೇ ಶುರುವಾಗಿದ್ದು,” ಎಂದಳು ಸೊಲ್ವಿ ಬಸುರಿಯ ಕಡೆ ತಿರುಗಿ, ಅಪಾರ ಕರುಣೆಯಿಂದ. “ಮೊದಮೊದಲು ಬರೀ ವಾಸನೆ. ಆಮೇಲೆ ಮಕ್ಕಳಿಗೆ ಕೆಮ್ಮು.” (ಸೊಲ್ವಿಗೆ ಚಿಕ್ಕಮ್ಮನೇ ಇರಲಿಲ್ಲ.)

ಬಸುರಿಯ ಗಂಡ ಹೆಂಡತಿಯ ತೋಳು ಹಿಡಿದು ಮೆಲ್ಲನೆ ಮೇಲಕ್ಕೆ ಕರೆದೊಯ್ದ. ಅಕ್ಕತಂಗಿಯರು ಅಳತೆಯ ಟೇಪನ್ನು ಸುತ್ತಿಟ್ಟರು. ಮಾತು ಗುಂಪಿನಲ್ಲಿ ಬೆಂಕಿಯಂತೆ ಹಬ್ಬಿತು. ಹೊರಡುವ ಹೊತ್ತಿಗೆ ಉದ್ದನೆಯ ಮನುಷ್ಯನೂ ಗೋಡೆಯ ಬದಲು ತನ್ನ ಗಡ್ಡವನ್ನು ಸವರಿಕೊಳ್ಳುತ್ತಿದ್ದ. ಕಾರಿನಲ್ಲಿ ಕುಳಿತು ಸೊಲ್ವಿ ಚಾಕೊಲೇಟು ಮುರಿದಳು. ಅದು ಗೆದ್ದವರ ಚಾಕೊಲೇಟು. ಮನೆ ಸೇರುವ ಮುನ್ನ ಸ್ಕೀಗಳನ್ನು ಗಟಾರದ ಕರಗಿದ ಹಿಮದಲ್ಲಿ ಅದ್ದಿ ಒದ್ದೆ ಮಾಡಲು ಆಕೆ ಮರೆಯಲಿಲ್ಲ.

ಸೋಮವಾರ ಸಂಜೆ ಟೋರ್ಡಿಸ್ ಹೆಣಿಗೆ ಸಂಘಕ್ಕೆಂದು ಹೊರಟಾಗ ಮನೆ ಶಾಂತವಾಗಿತ್ತು. ದಂಪತಿಗಳು ಆ ಶಾಂತಿಯಲ್ಲಿ ಕುಳಿತು ತಮ್ಮ ಶಕ್ತಿಯನ್ನು ತೂಗಿ ನೋಡಿದರು. ಬ್ಯಾಂಕು ನಲವತ್ತೈದು ಲಕ್ಷ ಕ್ರೋನರ್‌ವರೆಗೆ ಒಪ್ಪಿತ್ತು. ಅದರಾಚೆ ಒಂದು ಹೆಜ್ಜೆಯೂ ಇಲ್ಲವೆಂದು ಓಡ್ವಾರ್ ಗೆರೆ ಎಳೆದ. ಈ ಸವಾಲಿನಲ್ಲಿ ಬಾಯಿಂದ ಕೂಗುವುದಿಲ್ಲ; ಮೊಬೈಲಿನಲ್ಲಿ ಬರೆದು ಒತ್ತುವುದು. ಬಿಟ್ಟ ಬಾಣ, ಆಡಿದ ಮಾತು, ಒತ್ತಿದ ಸವಾಲು, ಮೂರೂ ಹಿಂದಕ್ಕೆ ಬರುವುದಿಲ್ಲ. ಮೂರನೆಯದಕ್ಕೆ ಕಾನೂನಿನ ಕಾವಲೂ ಉಂಟು. ಕೂಗಿದವರು ಯಾರೆಂಬುದು ಗೆದ್ದ ಮೇಲಷ್ಟೇ ತಿಳಿಯುತ್ತದೆ; ಅಲ್ಲಿಯವರೆಗೆ ಎಲ್ಲರೂ ಕತ್ತಲಲ್ಲಿ ಕತ್ತಿ ಬೀಸುವವರು.

ಮಂಗಳವಾರ ಇಬ್ಬರೂ ಕೆಲಸಕ್ಕೆ ರಜೆ ಹಾಕಿದರು. ಮಧ್ಯಾಹ್ನ ಸೊಲ್ವಿ ನಲವತ್ತು ಲಕ್ಷ ಬರೆದು, ಕಣ್ಣು ಮುಚ್ಚಿ, ಒತ್ತಿದಳು. ಮೊಬೈಲನ್ನು ಮೇಜಿನ ನಡುವೆ ಇಟ್ಟು ಇಬ್ಬರೂ ಅದನ್ನು ಹಾವಿನ ಬುಟ್ಟಿಯಂತೆ ನೋಡುತ್ತ ಕುಳಿತರು.

ಬುಟ್ಟಿ ಗುರ್ರೆಂದಿತು. ಇನ್ನೊಬ್ಬರು ನಲವತ್ತೊಂದು.

“ಆ ಗೋಡೆ ತಟ್ಟೋನೇ,” ಎಂದಳು ಸೊಲ್ವಿ. “ಅವನ ಮುಖ ನೋಡಿದಾಗ್ಲೇ ಗೊತ್ತಾಯ್ತು. ಮುಗ್ಗಲಿಗೂ ಹೆದರದ ಜಾತಿ.” ನಲವತ್ತೆರಡು ಒತ್ತಿದಳು.

ಆಗ ಮೇಲಿನ ಅಂತಸ್ತಿನಲ್ಲಿ ಕುರ್ಚಿಯೊಂದು ಜೋರಾಗಿ ಸರಿಯಿತು. ದಡದಡನೆ ಹೆಜ್ಜೆಗಳು ಕಿಟಕಿಯವರೆಗೆ ಹೋದವು, ಹಿಂದಿರುಗಿದವು, ಮತ್ತೆ ಹೋದವು. ಕಪಾಟಿನೊಳಗೆ ಲೋಟಗಳು ಕಿಣಿಕಿಣಿಗುಟ್ಟಿದವು.

“ಇವತ್ತೇ ಕುಣೀಬೇಕಾಗಿತ್ತಾ ನಿನ್ನ ಅಮ್ಮ? ಹೋಗು, ಸ್ವಲ್ಪ ಹೊತ್ತು ಕೂತ್ಕೊಳ್ಳೋಕೆ ಹೇಳು.”

ಲಿಫ್ಟು ಮೇಲೇರಿತು. ಬೇಗನೆ ಇಳಿಯಿತು.

“ಬಾಗಿಲೇ ತೆಗೀಲಿಲ್ಲ. ‘ಕೆಲ್ಸದಲ್ಲಿದೀನಿ, ಆಮೇಲೆ ಬಾ’ ಅಂದಳು. ದನಿ ಯಾಕೋ ನಡುಗ್ತಿತ್ತು, ಸೊಲ್ವಿ.”

“ಹಿಟ್ಟು ನಾದ್ತಿರ್ಬೇಕು,” ಎಂದಳು ಸೊಲ್ವಿ. ಅಷ್ಟರಲ್ಲಿ ಬುಟ್ಟಿ ಗುರ್ರೆಂದಿತು. ನಲವತ್ತಮೂರು. ಬೇರೆ ಯಾರೂ ಇಲ್ಲ, ಕಣದಲ್ಲಿ ಈಗ ಇಬ್ಬರೇ ಉಳಿದಿದ್ದೀರಿ ಎಂದೂ ಏಜೆಂಟ್ ಬರೆದಿದ್ದ.

ತನ್ನ ಮೂಗು ಇಡೀ ಗುಂಪನ್ನು ಓಡಿಸಿತ್ತು. ಉಳಿದದ್ದು ಒಬ್ಬನೇ ಒಬ್ಬ ಜಿಗಣೆ. ಸೊಲ್ವಿ ನಲವತ್ತನಾಲ್ಕು ಒತ್ತಿ, ಉತ್ತರಕ್ಕೆ ಕಾಯಲಾರದೆ ವೆಬ್ಯೋರ್ನ್‌ಗೆ ಫೋನ್ ಮಾಡಿದಳು.

“ಆ ಇನ್ನೊಬ್ಬರು ಯಾರಪ್ಪಾ? ಉದ್ದಕ್ಕಿದಾರಾ? ಗಡ್ಡ ಇದೆಯಾ?”

“ಅದನ್ನ ನಾನು ಹೇಳೋ ಹಾಗಿಲ್ಲ,” ಎಂದಿತು ವೆಬ್ಯೋರ್ನನ ದನಿ. ಬಳಿಕ ಕಾಗದ ಮಗುಚುವ ಸದ್ದು. ಬಳಿಕ ಒಂದು ಕೆಮ್ಮು. “ನಿಮ್ಮ ವಿಳಾಸ ಇನ್ನೊಂದ್ಸಲ ಹೇಳ್ತೀರಾ?”

ಸೊಲ್ವಿ ಹೇಳಿದಳು.

“ಅದೇ... ಅದೇ ವಿಳಾಸ,” ಎಂದ ಅವನು. ಕೆಮ್ಮು ಹೆಚ್ಚಿತು. “ನೋಡಿ, ನನ್ನ ಬಾಯಿಗೆ ಕಾನೂನಿನ ಬೀಗ ಇದೆ. ಆದ್ರೂ ಒಂದು ಮಾತು. ಮುಂದಿನ ಸವಾಲಿಗೆ ಮುಂಚೆ ನೀವು ಮನೆಯವರ ಜೊತೆ ಕೂತು ಮಾತಾಡೋದು ಒಳ್ಳೇದೇನೋ.”

“ನಮ್ಮನೆಯವ್ರು ನನ್ನೆದುರಿಗೇ ಕೂತಿದಾರೆ!”

“ಮನೆಯವ್ರು ಅಂದ್ರೆ... ಎಲ್ರೂ. ಇಡೀ ಮನೆ. ಮೇಲೆ, ಕೆಳಗೆ.”

“ನಾನು ಹೆಂಗಸು ಅಂತ ತಾನೇ ಹೀಗೆ ಹೇಳ್ತಿರೋದು?” ಎಂದು ಸೊಲ್ವಿ ಗುಡುಗಿದಳು. “ನನಗೆ ಯಾರನ್ನೂ ಕೇಳೋ ಅಗತ್ಯವಿಲ್ಲ. ಆ ಗಡ್ಡದವನಿಗೂ ಇದೇ ಬುದ್ಧಿ ಹೇಳ್ತಿದೀಯಾ?”

“ಅವರಿಗೂ ಇದನ್ನೇ ಹೇಳ್ದೆ,” ಎಂದ ವೆಬ್ಯೋರ್ನ್ ಕ್ಷೀಣವಾಗಿ. “ಅವರೂ ಬೈದ್ರು.”

ಫೋನಿಟ್ಟಾಗ ಸೊಲ್ವಿಯ ಕೆನ್ನೆ ಕೆಂಪೇರಿತ್ತು. ಮೇಲೆ ಹೆಜ್ಜೆಗಳು ನಿಂತಿದ್ದವು. ಬುಟ್ಟಿ ಗುರ್ರೆಂದಿತು. ನಲವತ್ತೈದು.

ಗಡಿಯ ಕಂಬದ ಮೇಲೆಯೇ ಶತ್ರು ಬಂದು ಕುಳಿತಿದ್ದ.

ಓಡ್ವಾರ್ ನಿಟ್ಟುಸಿರು ಬಿಟ್ಟ. ಅದರಲ್ಲಿ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚಿದ್ದಂತೆ ಸೊಲ್ವಿಗೆ ಕೇಳಿಸಿತು. “ಮುಗೀತು ಬಿಡು. ಗೆರೆ ಬಂತು. ಬೇರೆ ಮನೆ ಸಿಗುತ್ತೆ.”

“ಇನ್ನೂ ಹತ್ತೊಂಬತ್ತು ವರ್ಷಕ್ಕಾ?”

“ಸೊಲ್ವಿ, ಬ್ಯಾಂಕು ಇದಕ್ಕಿಂತ ಒಂದು ಕ್ರೋನರ್ ಹೆಚ್ಚಿಗೆ ಕೊಡಲ್ಲ. ಒತ್ತಿದ್ರೆ ವಾಪಸ್ ತಗೊಳ್ಳೋಕೆ ಆಗಲ್ಲ. ಕಾರು ಮಾರಿದ್ರೂ ಸಾಲ್ದು. ನಾವಿಬ್ರೂ ಕೂತು ಗೆರೆ ಹಾಕಿದ್ವಿ.”

“ಗೆರೆ ಹಾಕಿದ್ದು ನೀನು,” ಎಂದಳು ಸೊಲ್ವಿ. “ಈ ಜಾಲರಿ ಮೇಲೆ ನಿಂತು ಅಡುಗೆ ಮಾಡಿದ್ದು ನಾನು.”

ಕಿಟಕಿಯಲ್ಲಿ ಒಂದು ಜೊತೆ ಕಂದು ಬೂಟು ನಿಧಾನವಾಗಿ ಹಾದುಹೋಯಿತು. ಅದರ ಒಡೆಯನ ಮುಖವನ್ನು ತಾನು ಇಂದಿಗೂ ನೋಡಿಲ್ಲವೆಂಬುದು ಸೊಲ್ವಿಗೆ ನೆನಪಾಯಿತು. ಆಕೆ ನಲವತ್ತಾರು ಬರೆದಳು. “ಬೇಡ!” ಎಂದು ಓಡ್ವಾರ್ ಮೇಜಿನ ಮೇಲೆ ಹಾರಿ ಬೀಳುವಷ್ಟರಲ್ಲಿ ಒತ್ತಿದಳು.

ಓಡ್ವಾರ್ ಮೇಜಿನ ಮೇಲೆ ಹಾಗೆಯೇ ಬೋರಲಾಗಿ ಮಲಗಿದ್ದ. ಈ ಕ್ಷಣದಲ್ಲಿ ಸೊಲ್ವಿ ಬಯಸಿದ್ದು ಎರಡು: ಆ ಗಡ್ಡದವನು ಸೋಲಬೇಕು, ಆ ಗಡ್ಡದವನು ಗೆದ್ದು ತನ್ನನ್ನು ಉಳಿಸಬೇಕು. ಎರಡನ್ನೂ ಒಂದೇ ತೀವ್ರತೆಯಿಂದ ಬಯಸುತ್ತಿದ್ದಳು. ಗೋಡೆಯ ಗಡಿಯಾರದ ಮುಳ್ಳು ಅಂಟಿಕೊಂಡಂತಿತ್ತು.

ಮೇಲೆ ಏನೋ ನೆಲಕ್ಕೆ ಬಿದ್ದಿತು. ಅದೇ ಗಳಿಗೆಗೆ ಬುಟ್ಟಿ ಗುರ್ರೆಂದಿತು.

“ಎದುರಾಳಿ ಹಿಂದೆ ಸರಿದಿದ್ದಾರೆ. ಮಾಲೀಕರು ಒಪ್ಪಿದ್ದಾರೆ. ಮನೆ ನಿಮ್ಮದು. ಅಭಿನಂದನೆಗಳು.”

“ನಮ್ದು,” ಎಂದಳು ಸೊಲ್ವಿ. ಜಾಲರಿಯ ಪಕ್ಕದಲ್ಲೇ ಕುಳಿತುಬಿಟ್ಟಳು.

“ಆ ಒಂದು ಲಕ್ಷ ಎಲ್ಲಿಂದ ತರ್ತೀಯ?” ಎಂದ ಓಡ್ವಾರ್ ಮೇಜಿನ ಮೇಲಿನಿಂದಲೇ.

ಉತ್ತರ ಹೇಳುವ ಮೊದಲೇ ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳಿಸಿದವು. ಒಂದೊಂದೇ ಮೆಟ್ಟಿಲಿಗೆ ನಿಂತು, ಕಂಬಿ ಹಿಡಿದು, ನರಳುತ್ತ ಇಳಿಯುವ ಹೆಜ್ಜೆಗಳು. ಬಾಗಿಲು ತೆರೆಯಿತು. ಟೋರ್ಡಿಸ್ ನಿಂತಿದ್ದಳು. ರಾಷ್ಟ್ರೀಯ ಹಬ್ಬಕ್ಕೆ ಮಾತ್ರ ಹೊರಬರುವ ಬೆಳ್ಳಿಯ ಪದಕ ಕೊರಳ ಬಳಿ ಹೊಳೆಯುತ್ತಿತ್ತು, ಕಣ್ಣು ಕೆಂಪಾಗಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಸೊಲ್ವಿ ಆ ಕಣ್ಣಿನಲ್ಲಿ ನೀರು ಕಂಡಿರಲಿಲ್ಲ.

“ಅಮ್ಮಾ! ಎದೆನೋವಾ?” ಓಡ್ವಾರ್ ಮೇಜಿನಿಂದ ಜಿಗಿದ.

“ಎದೆಗೇನಾಗಿದೆ? ಕಲ್ಲಿನ ಹಾಗಿದೆ,” ಎಂದು ಟೋರ್ಡಿಸ್ ಕುರ್ಚಿಗೆ ಕುಸಿದಳು. “ಯಾರಿಗಾದ್ರೂ ಹೇಳ್ಕೋಬೇಕು. ಯಾವನೋ ಕಳ್ಳ ನನ್ನ ಮನೆ ಹೊಡ್ಕೊಂಡು ಹೋದ. ಕೊನೇ ಗಳಿಗೇಲಿ! ನನ್ನ ಹತ್ರ ಇದ್ದಿದ್ದೆಲ್ಲ ಸುರಿದೆ. ಆದ್ರೂ ಒಂದು ಲಕ್ಷ ಮೇಲೆ ಕೂಗಿದ.”

ಸೊಲ್ವಿಗೆ ಕಿವಿಯಲ್ಲಿ ಗುಂಯ್ ಎಂದಿತು. “ಯಾವ... ಮನೆ, ಟೋರ್ಡಿಸ್?”

“ನದಿಯಾಚೆ ಹಳದಿ ಮನೆ. ನಿನ್ನೆ ಸಂಜೆ ಹೋಗಿ ನೋಡ್ಕೊಂಡು ಬಂದೆ. ಹೆಣಿಗೆ ಸಂಘ ಅಂತ ಸುಳ್ಳು ಹೇಳ್ದೆ. ನಿಮ್ಮನ್ನ ಬಿಟ್ಟು ಹೋಗ್ತೀನಿ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ.”

“ಬಿಟ್ಟು ಹೋಗ್ತೀರಾ?” ಸೊಲ್ವಿಯ ದನಿ ಎಲ್ಲೋ ಬಾವಿಯಿಂದ ಬಂದಂತಿತ್ತು.

“ಮತ್ತಿನ್ನೇನು? ನಿಮ್ಮ ರೇಡಿಯೊ ಕೇಳಿ ಕೇಳಿ ಸಾಕಾಗಿದೆ. ಮೊಣಕಾಲು ಮೆಟ್ಟಿಲು ಹತ್ತಲ್ಲ ಅಂತಿದೆ. ಕಡಲದಂಡೆಯ ಬೇಸಿಗೆ ಮನೆ ಮಾರಿದ ದುಡ್ಡು ಹಾಗೇ ಇತ್ತು. ನಾನು ಆ ಕಡೆ ಹೋಗಿಬಿಟ್ರೆ ಈ ಮನೆ ಪೂರ್ತಿ ನಿಮಗೇ. ಮೇಲಿನ ಅಡುಗೆಮನೆ ಮೇಲೆ ನೀನು ಎಷ್ಟು ವರ್ಷದಿಂದ ಕಣ್ಣಿಟ್ಟಿದೀಯ ಅಂತ ನನಗೆ ಗೊತ್ತಿಲ್ವಾ? ಬೀಗದ ಕೈ ನಿನ್ನ ಕೈಗೇ ಕೊಡೋಣ ಅಂತಿದ್ದೆ.”

ಸೇಬಿನ ಮರ, ಫ್ಯೋರ್ಡಿನ ನೀಲಿ ಗೆರೆ, ಅಗಲ ಕಿಟಕಿ, ಒಂದು ಕ್ರೋನರ್ ಸಾಲವಿಲ್ಲದೆ, ಅತ್ತೆಯಿಲ್ಲದೆ. ನಲವತ್ತೈದರಲ್ಲಿ ಒಂದು ಬೆರಳನ್ನು ತಡೆದು ಹಿಡಿದಿದ್ದರೆ ಸಾಕಾಗಿತ್ತು.

“ಅಮ್ಮ,” ಎಂದ ಓಡ್ವಾರ್. ಜೀವಮಾನದಲ್ಲಿ ಮೊದಲ ಸಲ ಒಂದು ಮಾತನ್ನು ಸೋಸದೆ ತಲುಪಿಸಿದ. “ಆ ಕಳ್ಳ ನಾವೇ.”

ಟೋರ್ಡಿಸ್ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಮೇಜಿನ ನಡುವೆ ಇನ್ನೂ ಬೆಳಗುತ್ತಿದ್ದ ಮೊಬೈಲನ್ನು ನೋಡಿದಳು.

“ಒಂದೊಂದು ಲಕ್ಷ ಏರಿಸ್ತಾ ಇದ್ದಿದ್ದು ನೀನಾ?”

ಸೊಲ್ವಿ ತಲೆಯಾಡಿಸಿದಳು.

“ಗಟ್ಟಿಗಿತ್ತಿ,” ಎಂದಳು ಟೋರ್ಡಿಸ್. ಅತ್ತೆಯ ಬಾಯಿಂದ ಹತ್ತೊಂಬತ್ತು ವರ್ಷಗಳಲ್ಲಿ ಬಂದ ಮೊದಲ ಹೊಗಳಿಕೆ ಅದು. ಅದಕ್ಕೆ ತೆತ್ತ ಬೆಲೆಯೂ ಬ್ಯಾಂಕು ಒಪ್ಪಿದ್ದಕ್ಕಿಂತ ಹೆಚ್ಚಿನದಾಗಿತ್ತು. “ಎಷ್ಟು ಕಡಿಮೆ ಬೀಳುತ್ತೆ?”

“ಒಂದು ಲಕ್ಷ,” ಎಂದ ಓಡ್ವಾರ್ ಕೂಡಲೇ.

“ನಾನು ಕೊಡ್ತೀನಿ.”

“ಬೇಡ, ಟೋರ್ಡಿಸ್,” ಸೊಲ್ವಿ ಎದ್ದು ನಿಂತಳು, ಎರಡೂ ಕೈ ಮುಂದೆ ಚಾಚಿ. “ನಾವು ಹೇಗಾದ್ರೂ ಹೊಂದಿಸ್ಕೋತೀವಿ.”

“ಹೇಗೆ?” ಎಂದರು ತಾಯಿ ಮಗ ಒಟ್ಟಿಗೆ.

ಒತ್ತಿದ್ದು ಒತ್ತಿಯಾಗಿತ್ತು.

“ಸಾಲ ಅಂತ ಏನೂ ಅಂದ್ಕೋಬೇಡಿ,” ಎಂದಳು ಟೋರ್ಡಿಸ್. ಕಣ್ಣೊರೆಸಿಕೊಂಡು ನೆಟ್ಟಗೆ ಕೂತಿದ್ದಳು. ದನಿಗೆ ಹಳೆಯ ಗಟ್ಟಿತನ ಮರಳಿತ್ತು. “ದಕ್ಷಿಣದ ಕೋಣೆಗೆ ಒಳ್ಳೆ ಬಿಸಿಲು ಬರುತ್ತೆ. ಅದು ನನಗಿರಲಿ. ಈ ಮನೆಯನ್ನ ಬರೋ ವಾರ ದರ್ಶನಕ್ಕೆ ಇಟ್ಟು ಮಾರಿಬಿಡೋಣ. ಆ ವೆಬ್ಯೋರ್ನ್ ಒಳ್ಳೆ ಹುಡುಗ, ಸುಮ್ನೆ ಬೈದುಬಿಟ್ಟೆ.”

ಓಡ್ವಾರನ ಮುಖದಲ್ಲಿ ಬೆಳಕು ಹರಡಿತು. ಇನ್ನು ಮೆಟ್ಟಿಲು ಹತ್ತುವುದಿಲ್ಲ, ಇಳಿಯುವುದಿಲ್ಲ. ಲಿಫ್ಟಿಗೆ ನಿವೃತ್ತಿ.

ಸೊಲ್ವಿ ತಲೆಯೆತ್ತಿ ನೋಡಿದಳು. ಕಲೆ ಬಿದ್ದ, ತಗ್ಗಾದ, ಕುಟ್ಟಿಸಿಕೊಂಡು ಸೀಳಿದ ಮರದ ಸೂರು. ಇಷ್ಟು ವರ್ಷ ತಾನು ಶಪಿಸಿದ ಆ ಸೂರು ಅತ್ತೆ ಸೊಸೆಯರ ನಡುವೆ ಇದ್ದ ಏಕೈಕ ರಕ್ಷಣೆಯಾಗಿತ್ತು. ಅದನ್ನು ಕೀಳಿಸಲು ತಾನೇ, ಸ್ವಂತ ಬೆರಳಿನಿಂದ, ನಲವತ್ತಾರು ಲಕ್ಷ ಕ್ರೋನರ್ ಕೂಗಿದ್ದಳು.

“ಏನು ಸೊಲ್ವಿ, ಮುಖ ಯಾಕೆ ಹಾಗಿದೆ?” ಟೋರ್ಡಿಸ್ ಎದ್ದು ಬಂದು ಸೊಸೆಯ ಭುಜದ ಮೇಲೆ ಕೈಯಿಟ್ಟಳು. ಕೈ ಬೆಚ್ಚಗಿತ್ತು, ಭಾರವಾಗಿತ್ತು. “ನಿನ್ನೆ ಅಳತೆ ನೋಡಿದೀನಿ. ಅಡುಗೆಮನೆ ದೊಡ್ಡದಾಗಿದೆ. ನಾವಿಬ್ಬರೂ ಒಟ್ಟಿಗೇ ನಿಂತು ಅಡುಗೆ ಮಾಡಬಹುದು.”